ಎರಡು ಕೊಡ ಸಿಹಿನೀರು

ಸ್ನಾನದ ಮನೆಯ ಹಿಂಬಾಗಿಲು ಎರಡು ಸಲ ಮೆಲ್ಲಗೆ ಸದ್ದಾದರೆ ನೀರು ಬಂತೆಂದು ಅರ್ಥ. ಅತ್ತೆ ಚಿಲಕ ತೆಗೆಯುತ್ತಿದ್ದರು. ಸೊಸೆ ಎರಡು ಕೊಡಗಳನ್ನು ಒಳಗಿಟ್ಟು, ಅವುಗಳ ಮೇಲೆ ಹರಡಿದ್ದ ಒಣ ಎಲೆಗಳನ್ನು ಬುಟ್ಟಿಗೆ ಬಳಿಯುತ್ತಿದ್ದಳು. ದೂರದಿಂದ ನೋಡಿದವರಿಗೆ ಅವಳು ಸ್ಟ್ರಾಬೆರಿ ತೋಟದ ಕಸ ಹೊತ್ತು ತರುವ ಹಾಗೆ ಕಾಣಬೇಕು. ಎಲೆ ಅದಕ್ಕೆ.

"ಬೇಗ ಮುಗಿಸಿ ಅತ್ತೆ. ಮಾವ ಹೊಂಡದ ಕಡೆ ಹೋಗೋ ಹೊತ್ತಾಯ್ತು."

"ನನ್ನದೇನು ಆನೆ ಮೈಯೇನೇ, ತೊಳೆಯೋಕೆ ಹೊತ್ತು ಹಿಡಿಯೋಕೆ? ನೀನು ಹೋಗು, ಒಲೆ ಮೇಲೆ ಹಾಲಿದೆ."

ಆ ಮನೆಗೆ ಎರಡು ಬಗೆಯ ನೀರು. ಕೊಳವೆಬಾವಿಯದು ಸವುಳು. ಸೋಪು ಎಷ್ಟು ಉಜ್ಜಿದರೂ ನೊರೆ ಬಾರದು, ತೊಳೆದ ಲೋಟ ಒಣಗಿದರೆ ಬಿಳಿ ಕಲೆ. ತೋಟದಾಚೆ ಪ್ಲಾಸ್ಟಿಕ್ ಹಾಸಿದ ದೊಡ್ಡ ಹೊಂಡದಲ್ಲಿ ಮಳೆಯ ನೀರು, ಅದು ಸಿಹಿ. ವರ್ಷಕ್ಕೆ ಆರು ವಾರ ಮಳೆ ಬಿದ್ದರೆ ಹೆಚ್ಚು. ಉಳಿದಂತೆ ಬಿಸಿಲು, ಗಾಳಿ, ಧೂಳು. ಹೊಂಡದ ನೀರು ಹಣ್ಣಿನ ಗಿಡಕ್ಕೆ ಮಾತ್ರ, ಮನುಷ್ಯರಿಗೆ ಸವುಳೇ ಸಾಕು ಎಂದು ಮನೆಯ ಯಜಮಾನರಾದ ಮಾವ ಯಾವತ್ತೋ ಅಪ್ಪಣೆ ಕೊಟ್ಟಿದ್ದರು. ಕುಡಿಯುವುದಕ್ಕೆ ವಾರಕ್ಕೆರಡು ಸಲ ಕ್ಯಾನ್ ಬರುತ್ತಿತ್ತು.

ಅರವತ್ತು ದಾಟಿದ ಮೇಲೆ ಅತ್ತೆಯ ಚರ್ಮ ಸವುಳು ನೀರನ್ನು ತಾಳಲಿಲ್ಲ. ಮೊಣಕೈ, ಮೀನಖಂಡ, ಹಿಮ್ಮಡಿ ಎಲ್ಲ ಬಿರಿದು ರಕ್ತ ಜಿನುಗುತ್ತಿತ್ತು. ಸ್ನಾನಕ್ಕೆ ಸಿಹಿನೀರು ಬಳಸಿ ಎಂದು ಡಾಕ್ಟರ್ ಹೇಳಿದ್ದನ್ನು ಗಂಡನಿಗೆ ಒಪ್ಪಿಸಿದಾಗ, ಅವರು ಪೇಪರಿನಿಂದ ತಲೆ ಎತ್ತದೆ "ಎಣ್ಣೆ ಹಚ್ಕೋ" ಅಂದಿದ್ದರು. ಮಾರನೆಯ ದಿನ ಹಿಂಬಾಗಿಲು ಎರಡು ಸಲ ಸದ್ದಾಯಿತು. ಕೇಳಿರಲಿಲ್ಲ, ಹೇಳಿರಲಿಲ್ಲ. ಸೊಸೆ ಸುಮ್ಮನೆ ತಂದಿಟ್ಟಿದ್ದಳು. ಆಮೇಲೆ ಎರಡು ವರ್ಷ ಒಂದು ದಿನವೂ ತಪ್ಪಿಸಿರಲಿಲ್ಲ.

*

ತೋಟದ ಹನ್ನೆರಡು ಮಡಿಗಳಿಗೂ ಡ್ರಿಪ್ ಪೈಪು ಹಾಕಿತ್ತು. ಹೊಂಡದ ನೀರು, ಬೋರ್‌ವೆಲ್ ನೀರು ಎರಡೂ ಒಂದು ತೊಟ್ಟಿಯಲ್ಲಿ ಬೆರೆತು ಅಲ್ಲಿಂದ ಹೋಗುತ್ತಿತ್ತು. ವಾಲ್ವ್ ತಿರುಗಿಸುವ ಕಬ್ಬಿಣದ ಹಿಡಿಯನ್ನು ಕಳಚಿ ಯಜಮಾನರು ಸೊಂಟದ ಬೆಲ್ಟಿಗೆ ನೇತುಹಾಕಿಕೊಂಡಿರುತ್ತಿದ್ದರು. ಕೂತರೆ ಅದು ತೊಡೆಗೆ ಒತ್ತುತ್ತಿತ್ತು. ಆದ್ದರಿಂದ ಊಟಕ್ಕೆ ಕೂತಾಗ ಮಾತ್ರ ತೆಗೆದು ತಟ್ಟೆಯ ಪಕ್ಕ ಇಡುತ್ತಿದ್ದರು. ದಿನಕ್ಕೆ ನಾಲ್ಕು ಸಲ, ಒಂದೊಂದು ಸಲ ಹತ್ತು ನಿಮಿಷ ನೀರು. ಅವರು ಎದುರಿಗೆ ನಿಂತು ಗಡಿಯಾರ ನೋಡಿ ಬಿಡುತ್ತಿದ್ದರು, ಗಡಿಯಾರ ನೋಡಿ ನಿಲ್ಲಿಸುತ್ತಿದ್ದರು.

ಆ ವರ್ಷ ಎಲೆಗಳ ಅಂಚು ಸುಡತೊಡಗಿತು. ಮೊದಲು ಕಂದು ಗೆರೆ, ಆಮೇಲೆ ಬೆಂಕಿಗೆ ಹಿಡಿದ ಕಾಗದದ ಹಾಗೆ ಮುರುಟುವುದು. ಹಣ್ಣು ಗೋಲಿಯಷ್ಟಕ್ಕೇ ನಿಂತುಬಿಡುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ಅದೇ ಮಾತು.

"ಗೊಬ್ಬರ ಸಾಲದು ಅಪ್ಪಾ," ಚಿಕ್ಕ ಮಗ ಹೇಳಿದ. ಅವನು ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮನೆಯವರೆಲ್ಲ ಅವನನ್ನು ಇಂಜಿನಿಯರ್ ಎಂದೇ ಕರೆಯುತ್ತಿದ್ದರು. "ಇನ್ನೊಂದು ಮೂಟೆ ತೊಟ್ಟಿಗೆ ಕರಗಿಸಿದರೆ ಹದಿನೈದು ದಿನದಲ್ಲಿ ನೋಡಿ."

"ಗೊಬ್ಬರಾನೂ ಉಪ್ಪೇ ಅಲ್ವಾ?" ಪಲ್ಯ ಬಡಿಸುತ್ತಿದ್ದ ಸೊಸೆ ಅಂದಳು. "ಮಣ್ಣಲ್ಲಿ ಉಪ್ಪು ಜಾಸ್ತಿಯಾಗಿದೆ ಮಾವ. ಪೈಪಿನ ಪಕ್ಕ ಕೆದಕಿದ್ರೆ ಬೆಳ್ಳಗೆ ಕಾಣುತ್ತೆ. ಒಂದು ದಿನ ಬರೀ ಹೊಂಡದ ನೀರು, ಬೆಳಗಿನ ಜಾವದಿಂದ ಮೂರು ಗಂಟೆ ಬಿಟ್ಟು ಕೆಳಗೆ ತೊಳೆದುಬಿಟ್ರೆ…"

"ಮೂರು ಗಂಟೆ!" ಯಜಮಾನರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ನಿಮ್ಮಪ್ಪ ಕಳಿಸಿದ ನೀರೇನಮ್ಮ ಅದು?"

ಚಿಕ್ಕ ಮಗ ನಕ್ಕ. "ಅತ್ತಿಗೆಗೆ ಅಡುಗೆಮನೆ ಉಪ್ಪೇ ಎಲ್ಲ ಕಡೆ ಕಾಣುತ್ತೆ."

"ಅಡುಗೆಮನೆ ಉಪ್ಪು ತಿಂದೇ ನೀನು ಇಷ್ಟುದ್ದ ಆಗಿರೋದು," ಅಂದರು ಅತ್ತೆ. ಎಲ್ಲರೂ ನಕ್ಕರು, ಮಾತು ಅಲ್ಲಿಗೆ ಮುಗಿಯಿತು. ಮಾರನೆಯ ದಿನ ಒಂದು ಮೂಟೆ ಗೊಬ್ಬರ ತೊಟ್ಟಿಗೆ ಬಿತ್ತು.

ಆ ತೋಟ ಯಾರದು ಅಂತ ಕೇಳಬೇಕು. ಒಂಬತ್ತು ವರ್ಷದ ಕೆಳಗೆ ತವರಿನಿಂದ ಒದ್ದೆ ಗೋಣಿಯಲ್ಲಿ ಸುತ್ತಿ ನಲವತ್ತು ಗಿಡ ತಂದವಳು ಸೊಸೆ. ಅವುಗಳಿಂದ ಹರಿದ ಬಳ್ಳಿಯನ್ನು ಕತ್ತರಿಸಿ, ನೆಟ್ಟು, ಮತ್ತೆ ಕತ್ತರಿಸಿ ಹನ್ನೆರಡು ಮಡಿ ಮಾಡಿದವಳು ಅವಳು. ನೆಲಕ್ಕೆ ಬೆರಳು ಚುಚ್ಚಿ ಎರಡು ಗೆಣ್ಣು ಆಳದಲ್ಲಿ ತೇವ ಎಷ್ಟಿದೆ ಎಂದು ಹೇಳುತ್ತಿದ್ದಳು. ಆದರೆ ವಾಲ್ವ್ ಹಿಡಿ ಮಾವನ ಸೊಂಟದಲ್ಲಿ, ಗೊಬ್ಬರದ ಮಾತು ಮೈದುನನ ಬಾಯಲ್ಲಿ. ಅವಳ ಪಾಲಿಗೆ ಬಗ್ಗುವ ಕೆಲಸ.

*

ಹೊಂಡದ ನಡುವೆ ಒಂದು ಕಂಬ. ಯಜಮಾನರು ಅದಕ್ಕೆ ಗೇಣಿಗೊಂದರಂತೆ ಕೆಂಪು ಬಣ್ಣದ ಪಟ್ಟಿ ಬಳಿದಿದ್ದರು. ಪಟ್ಟಿ ನೋಡಿ ನೀರಿನ ಲೆಕ್ಕ.

ಒಂದು ಬೆಳಿಗ್ಗೆ ಅವರು ಹೊತ್ತಿಗೆ ಮುಂಚೆಯೇ ಎದ್ದು ಹೋದರು. ಅತ್ತೆ ಸ್ನಾನದ ಮನೆಯಲ್ಲಿ ಕಾಯುತ್ತ ನಿಂತಿದ್ದರು. ಬಾಗಿಲು ಒಂದೇ ಸಲ ಸದ್ದಾಯಿತು. ಎರಡನೆಯ ಸದ್ದಿನ ಜಾಗದಲ್ಲಿ ಗಂಡನ ಗಂಟಲು.

"ನಿಲ್ಲು. ಆ ಎಲೆ ತೆಗೆ."

ಒಣ ಎಲೆ ನೆಲಕ್ಕೆ ಸುರಿದ ಸದ್ದು.

"ನನ್ನ ಲೆಕ್ಕದಲ್ಲಿ ಹತ್ತು ದಿನಕ್ಕೆ ಅರ್ಧ ಗೇಣು ಇಳೀಬೇಕು, ಒಂದು ಗೇಣು ಇಳಿದಿದೆ. ಎಲ್ಲಿಗೆ ಹೋಗ್ತಿದೆ ಅಂತ ತಲೆ ಕೆಡಿಸ್ಕೊಂಡಿದ್ದೆ. ಇಲ್ಲಿಗೆ! ಯಾರಿಗೆ ಈ ನೀರು?"

ಅತ್ತೆಯ ಕೈ ಚಿಲಕದ ಮೇಲಿತ್ತು.

"ನನಗೇ ಮಾವ," ಸೊಸೆಯ ದನಿ. "ತಲೆ ಕೂದಲು ಉದುರ್ತಿತ್ತು. ಅದಕ್ಕೆ."

"ಕೂದಲಿಗೆ! ಗಿಡ ಸುಟ್ಟು ಹೋಗ್ತಿದೆ, ಇವಳಿಗೆ ಕೂದಲು!"

ಚಿಲಕ ತೆಗೆಯಬೇಕಾಗಿತ್ತು. ಒಂದು ಅಂಗುಲ ಸರಿಸಿದ್ದರೆ ಸಾಕಿತ್ತು. ನಲವತ್ತೆರಡು ವರ್ಷ ಗಂಡನ ದನಿ ಏರಿದಾಗಲೆಲ್ಲ ಅವರ ಕೈ ಹೀಗೇ ನಿಂತುಬಿಡುತ್ತಿತ್ತು, ಆವತ್ತೂ ನಿಂತಿತು. ಹೊರಗೆ ಕೊಡಗಳನ್ನು ಮಗುಚಿದ ಸದ್ದಾಯಿತು. ಗಿಡಕ್ಕಾದರೂ ಹಾಕಿದರೇ? ಅದೂ ಇಲ್ಲ, ಕಲ್ಲುಚಪ್ಪಡಿಯ ಮೇಲೆ ಚೆಲ್ಲಿದರು. ಬಾಗಿಲ ಸಂದಿಯಿಂದ ಒಂದಿಷ್ಟು ನೀರು ಒಳಗೆ ಹರಿದು ಬಂದು ಅತ್ತೆಯ ಬಿರಿದ ಹಿಮ್ಮಡಿಯನ್ನು ತಣ್ಣಗೆ ತಾಗಿತು.

ಊಟದ ಹೊತ್ತಿಗೆ ತೀರ್ಪು ಬಂತು. "ಇನ್ನು ಮೇಲೆ ಇವಳು ತೋಟಕ್ಕೆ ಕಾಲಿಡಕೂಡದು. ನೀರು ಕದಿಯೋ ಕೈ ಗಿಡ ಮುಟ್ಟೋದು ಬೇಡ."

ದೊಡ್ಡ ಮಗ ಹಣ್ಣಿನ ಕ್ರೇಟು ಸಾಗಿಸುವ ಗಾಡಿ ಓಡಿಸುತ್ತಿದ್ದ. ಜಗಳ ಎಂದರೆ ಅವನಿಗೆ ಆಗದು. "ಒಂದು ಸಲ ತಪ್ಪಾಯ್ತು ಅಂದುಬಿಡು," ಎಂದ ಹೆಂಡತಿಗೆ, ತಟ್ಟೆ ನೋಡುತ್ತ.

"ಗಿಡ ಒಣಗಿದ್ದಕ್ಕೆ ತಪ್ಪಾಯ್ತು ಅನ್ನಲ್ಲ. ಎರಡು ಕೊಡಕ್ಕೆ ಬೇಕಾದ್ರೆ ಅಂತೀನಿ."

"ನೋಡಿದ್ಯಾ, ನಾಲಿಗೆ ನೋಡಿದ್ಯಾ!" ಯಜಮಾನರು ಹೆಂಡತಿಯ ಕಡೆ ತಿರುಗಿದರು. "ನೀನಾದ್ರೂ ಬುದ್ಧಿ ಹೇಳಬಾರದಾ?"

ಅತ್ತೆಯ ಬಾಯಲ್ಲಿ ತುತ್ತಿತ್ತು. ಅದನ್ನು ಅಗಿಯುತ್ತಲೇ ಇದ್ದರು. ಸೊಸೆ ಅವರ ಮುಖ ನೋಡಲೂ ಇಲ್ಲ. ನೋಡಿದರೆ ಎಲ್ಲಿ ಗುಟ್ಟು ಬಯಲಾಗುತ್ತದೋ ಎಂದು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋದಳು.

ಇಷ್ಟಕ್ಕೂ ಪ್ರತಿ ಭಾನುವಾರ ಇಂಜಿನಿಯರ್ ಸಾಹೇಬರು ತಮ್ಮ ಬೈಕನ್ನು ಹೊಂಡದ ಪಕ್ಕ ನಿಲ್ಲಿಸಿ, ಪೈಪು ಹಿಡಿದು ಅರ್ಧ ಗಂಟೆ ತೊಳೆಯುತ್ತಿದ್ದರು. ಸವುಳು ನೀರಾದರೆ ಬಣ್ಣ ಮಂಕಾಗುತ್ತದಂತೆ. ಅದು ಯಾರ ಲೆಕ್ಕದಲ್ಲೂ ಇರಲಿಲ್ಲ.

*

ಅತ್ತೆ ಮತ್ತೆ ಸವುಳು ನೀರಿಗೆ ಬಂದರು. ವಾರದೊಳಗೆ ಕಾಲು ಬಿರಿಯಿತು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಸೊಸೆ ಎಣ್ಣೆಯ ಬಟ್ಟಲು ಹಿಡಿದು ಬಂದು ಅವರ ಕಾಲ ಬಳಿ ಕೂರುತ್ತಿದ್ದಳು.

"ನಾನು ಆವತ್ತು ಬಾಗಿಲು ತೆಗೀಲಿಲ್ಲ ಕಣೇ."

"ತೆಗೆದಿದ್ರೆ ಇಬ್ಬರಿಗೂ ಬೈಗುಳ. ಒಬ್ಬರಿಗೇ ಮುಗೀತಲ್ಲ, ಬಿಡಿ. ಕಾಲು ಈ ಕಡೆ ಕೊಡಿ."

"ನಿನಗೆ ಸಿಟ್ಟಿಲ್ವಾ?"

"ಇದೆ." ಅವಳು ಹಿಮ್ಮಡಿಗೆ ಎಣ್ಣೆ ತಿಕ್ಕುತ್ತಲೇ ಇದ್ದಳು. "ನಿಮ್ಮ ಮೇಲೂ ಇದೆ, ಸ್ವಲ್ಪ."

ಸ್ವಲ್ಪ ಅಂದಳಲ್ಲ, ಅದು ಅವಳ ಒಳ್ಳೆಯತನ.

ತೋಟಕ್ಕೆ ಹೋಗುವಂತಿಲ್ಲ. ಕೈ ಸುಮ್ಮನಿರಲೊಲ್ಲದು. ಸೊಸೆ ಹಿತ್ತಲ ಗೋಡೆಯ ಮೇಲೆ ಮೂರು ಸ್ಟೀಲ್ ತಟ್ಟೆ ಇಟ್ಟಳು. ಡ್ರಿಪ್ ತೊಟ್ಟಿಯಿಂದ ಮಗಳ ಕೈಲಿ ಒಂದು ಬಾಟಲಿ ನೀರು ತರಿಸಿದಳು. ಮೊದಲ ತಟ್ಟೆಗೆ ಒಂದೇ ಒಂದು ಚಮಚ ಹಾಕಿ ಬಿಟ್ಟಳು. ಎರಡನೆಯದಕ್ಕೆ ದಿನಕ್ಕೆ ನಾಲ್ಕು ಸಲ ಒಂದೊಂದು ಚಮಚ. ಮೂರನೆಯದಕ್ಕೂ ಹಾಗೆಯೇ, ಚಿಟಿಕೆ ಗೊಬ್ಬರ ಸೇರಿಸಿ.

"ಅತ್ತಿಗೆ ತಟ್ಟೆಯಲ್ಲೇ ಸ್ಟ್ರಾಬೆರಿ ಬೆಳೀತಾರಂತೆ!" ಮೈದುನ ಹೋಗುತ್ತ ಬರುತ್ತ ಛೇಡಿಸಿದ.

"ಚಿಕ್ಕಪ್ಪಾ, ನಿನ್ನ ಗೊಬ್ಬರ ಹಾಕಿರೋ ತಟ್ಟೇನೇ ಜಾಸ್ತಿ ಬೆಳ್ಳಗಿದೆ," ಅಂದಳು ಎಂಟು ವರ್ಷದ ಮೊಮ್ಮಗಳು. "ನೀನು ಮುಖಕ್ಕೆ ಪೌಡರ್ ಹಾಕ್ಕೊಂಡ ಹಾಗಿದೆ."

ಹತ್ತು ದಿನಕ್ಕೆ ಮೊದಲ ತಟ್ಟೆಯಲ್ಲಿ ಬರೀ ಒಂದು ಮಸುಕು ಕಲೆ, ಎರಡನೆಯ ತಟ್ಟೆಯ ತುಂಬ ಬಿಳಿ ಹೊಪ್ಪಳೆ, ಮೂರನೆಯದರಲ್ಲಿ ಉಗುರು ಹಾಕಿದರೆ ಚೂರಾಗಿ ಏಳುವಷ್ಟು. ಸೊಸೆ ಅತ್ತೆಯನ್ನು ಕರೆದು ತೋರಿಸಿದಳು. "ಸ್ವಲ್ಪ ಸ್ವಲ್ಪ ಹಾಕಿದ್ರೆ ನೀರು ಹಾರಿಹೋಗುತ್ತೆ, ಉಪ್ಪು ಅಲ್ಲೇ ಕೂತಿರುತ್ತೆ. ಬೇರಿನ ಸುತ್ತಾನೂ ಇದೇ ಕಥೆ." ಆಮೇಲೆ ಕುಡಿಯುವ ಕ್ಯಾನಿನಿಂದ ಒಂದು ಲೋಟ ನೀರು ತಂದು ಎರಡನೆಯ ತಟ್ಟೆಗೆ ಒಮ್ಮೆಲೇ ಸುರಿದು, ಬೆರಳಾಡಿಸಿ ಬಗ್ಗಿಸಿದಳು. ತಟ್ಟೆಯ ಮುಕ್ಕಾಲು ಭಾಗ ಹೊಳೆಯಿತು.

ಅತ್ತೆ ಓದಿದವರಲ್ಲ. ಆದರೆ ನಲವತ್ತೆರಡು ವರ್ಷ ತಟ್ಟೆ ತೊಳೆದವರು. ಅವರಿಗೆ ಇನ್ನೇನೂ ಹೇಳಬೇಕಾಗಿರಲಿಲ್ಲ.

ಅವರು ಚಪ್ಪಲಿ ಮೆಟ್ಟಿ, ಎಷ್ಟೋ ದಿನದ ಮೇಲೆ ಹೊಂಡದ ತನಕ ನಡೆದರು. ಬಿಸಿಗಾಳಿ ಬೀಸುತ್ತಿತ್ತು, ನೀರಿನ ಮೇಲೆ ಸಣ್ಣ ಅಲೆ. ಕಂಬ ನೋಡಿದರು. ಕೊಡ ಮಗುಚಿದ ದಿನ ನೀರು ಮುಟ್ಟುತ್ತಿದ್ದ ಪಟ್ಟಿ ಎರಡು ಗೇಣು ಮೇಲಿತ್ತು. ಆವತ್ತಿನಿಂದ ಇವತ್ತಿಗೆ ಇಪ್ಪತ್ತು ದಿನ. ಹತ್ತು ದಿನಕ್ಕೆ ಒಂದು ಗೇಣು. ಮೊದಲು ಎಷ್ಟೋ ಈಗಲೂ ಅಷ್ಟೇ. ಯಾರೂ ಕೊಡ ಮುಳುಗಿಸಿಲ್ಲ, ಆದರೂ ನೀರು ಹೋಗಿದೆ.

ಅವರು ಅಲ್ಲೇ ನಿಂತು ಎರಡು ಸಲ ಎಣಿಸಿದರು. ತಲೆಯ ಮೇಲೆ ಬಿಸಿಲು ಸುಡುತ್ತಿತ್ತು. ಹೊಂಡದ ನೀರು ಕುಡಿಯುತ್ತಿದ್ದುದೂ ಆ ಬಿಸಿಲೇ. ಎರಡು ಕೊಡಕ್ಕೆ ಒಬ್ಬಳನ್ನು ಕಳ್ಳಿ ಮಾಡಿದರಲ್ಲ!

*

ಮೂರು ದಿನದ ಮೇಲೆ ಹಣ್ಣಿನ ವ್ಯಾಪಾರಿ ಬಂದ. ದಪ್ಪ ಮನುಷ್ಯ, ಮಾತಿಗೆ ಮುಂಚೆ ನಗುವವನು. ಆವತ್ತು ನಗಲಿಲ್ಲ. ಅಂಗಳದಲ್ಲಿ ಇಟ್ಟಿದ್ದ ಕ್ರೇಟಿನಿಂದ ಒಂದು ಹಣ್ಣು ಎತ್ತಿ, ತಿರುಗಿಸಿ, ವಾಪಸ್ಸು ಇಟ್ಟ.

"ಯಜಮಾನ್ರೇ, ಇದನ್ನ ಹಣ್ಣು ಅಂತ ಮಾರಿದ್ರೆ ನನಗೆ ಕಲ್ಲು ಹೊಡೀತಾರೆ. ನಿಮ್ಮ ಸೊಸೆ ಎಲ್ಲಿ? ಯಾವಾಗಲೂ ಆಯಮ್ಮ ತೋರಿಸ್ತಿದ್ರಲ್ಲ?"

"ಅವಳ ಮಾತು ಬಿಡಿ. ಇದಕ್ಕೆಲ್ಲ ಅವಳೇ ಕಾರಣ. ಗಿಡಕ್ಕಿಟ್ಟ ನೀರನ್ನ ಕದ್ದು ತಲೆಗೆ ಸುರ್ಕೊಂಡಳು."

ಸೊಸೆ ಕಾಫಿಯ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಲೋಟ ಅಲುಗಲಿಲ್ಲ. ಆದರೆ ಅವಳ ಕಿವಿ ಕೆಂಪಾದದ್ದು ಅತ್ತೆಗೆ ಕಾಣಿಸಿತು.

ಅತ್ತೆ ಹೊರಗೆ ಬಂದರು. ವ್ಯಾಪಾರಿಯೆದುರು ಅವರು ಹಾಗೆ ಅಂಗಳಕ್ಕೆ ಇಳಿದದ್ದು ಅದೇ ಮೊದಲು.

"ತಲೆಗೆ ಸುರ್ಕೊಂಡಿದ್ದು ನಾನು."

"ನೀನು ಒಳಗೆ ಹೋಗೇ."

"ಹೋಗ್ತೀನಿ. ಹೇಳಿ ಹೋಗ್ತೀನಿ. ಆ ಎರಡು ಕೊಡ ನನ್ನ ಮೈಗೆ ರೀ. ಎರಡು ವರ್ಷದಿಂದ. ನನ್ನ ಹೆಸರು ಹೇಳಬಾರದು ಅಂತ ಅವಳು ಸುಳ್ಳು ಹೇಳಿದಳು, ನಾನು ಬಾಗಿಲ ಹಿಂದೆ ಕಲ್ಲಿನ ಹಾಗೆ ನಿಂತಿದ್ದೆ. ನಾಚಿಕೆಗೇಡು ನನ್ನದು." ಅವರು ಕಾಲು ಮುಂದಿಟ್ಟರು. "ನೋಡಿ, ಎಣ್ಣೆ ಹಚ್ಚಿದೀನಿ, ನೀವು ಹೇಳಿದ ಹಾಗೇನೇ."

ವ್ಯಾಪಾರಿ ಬಿರಿದ ಕಾಲು ನೋಡಿ, ಮರ್ಯಾದೆಯಿಂದ ಬೇರೆ ಕಡೆ ಮುಖ ಮಾಡಿ ಕ್ರೇಟಿನ ಹಗ್ಗ ಸರಿಮಾಡತೊಡಗಿದ.

"ಮತ್ತೆ ಇನ್ನೊಂದು ಕೇಳಬೇಕು. ಇಪ್ಪತ್ತಮೂರು ದಿನದಿಂದ ಯಾರೂ ಕೊಡ ಮುಳುಗಿಸಿಲ್ಲ. ಕಂಬ ನೋಡಿದ್ರಾ? ಹತ್ತು ದಿನಕ್ಕೆ ಒಂದು ಗೇಣೇ ಇಳೀತಿದೆ. ಈಗ ಯಾರ ತಲೆಗೆ ಹೋಯ್ತು ಆ ನೀರು? ಸೂರ್ಯನ್ನ ಹಿಡ್ಕೊಂಡು ಬಂದು ತೋಟಕ್ಕೆ ಕಾಲಿಡಬೇಡ ಅಂತೀರಾ?"

ಕಂಬವನ್ನು ಯಜಮಾನರು ದಿನಾ ನೋಡುತ್ತಿದ್ದರು. ಪಟ್ಟಿ ಇಳಿದದ್ದನ್ನೂ ನೋಡಿದ್ದರು. ಅದನ್ನು ಒಪ್ಪಿಕೊಂಡರೆ ಹೇಳಿದ ಮಾತು ವಾಪಸ್ಸು ತೆಗೆದುಕೊಳ್ಳಬೇಕಾಗುತ್ತದಲ್ಲ, ಅದಕ್ಕೆ ಸುಮ್ಮನಿದ್ದರು. ಈಗಲೂ "ಹೆಂಗಸರ ಲೆಕ್ಕ" ಎಂದು ಗೊಣಗಿ ಒಳಗೆ ನಡೆದರು.

ಅವರು ಅಷ್ಟಕ್ಕೇ ನಿಲ್ಲಿಸಿದ್ದೇ ಅತ್ತೆಯ ಹೊಟ್ಟೆ ಉರಿಸಿತು. ಬೈದಿದ್ದರೆ ಆಗುತ್ತಿತ್ತು. ಅತ್ತುಬಿಟ್ಟಿದ್ದರೂ ಆಗುತ್ತಿತ್ತು. ಊರಮುಂದೆ ಕಳ್ಳಿ ಎಂದು ಕರೆದವರಿಗೆ, ಅಲ್ಲ ಎಂದು ಗೊತ್ತಾದ ಮೇಲೆ ಒಂದು ಮಾತು ಬಾರದೆಂದರೆ ಏನು ಹೇಳುವುದು!

ಊಟಕ್ಕೆ ಎಲ್ಲರೂ ಕೂತರು. ಎಂದಿನಂತೆ ಯಜಮಾನರು ವಾಲ್ವ್ ಹಿಡಿಯನ್ನು ತಟ್ಟೆಯ ಪಕ್ಕ ಇಟ್ಟು ಉಂಡರು. ಅವರು ಕೈ ತೊಳೆಯಲು ಎದ್ದಾಗ ಅತ್ತೆ ಎಂದಿನಂತೆ ಎಂಜಲು ತಟ್ಟೆ ಎತ್ತಿದರು, ಲೋಟ ಎತ್ತಿದರು, ಹಿಡಿಯನ್ನೂ ಎತ್ತಿ ತಟ್ಟೆಯಲ್ಲಿಟ್ಟುಕೊಂಡು ಅಡುಗೆಮನೆಗೆ ಹೋದರು.

"ವಾಲ್ವ್ ಹಿಡಿ ಎಲ್ಲಿ?"

"ತೊಳೆಯೋಕೆ ಹಾಕಿದೀನಿ."

"ಏನು ತಮಾಷೆ ಇದು? ಕೊಡೇ ಇಲ್ಲಿ!"

"ತುಂಬಾ ಕೊಳೆಯಾಗಿದೆ ರೀ. ಟೈಮ್ ಹಿಡಿಯುತ್ತೆ."

ಮೊಮ್ಮಗಳು ಕಿಸಕ್ಕನೆ ನಕ್ಕಳು. ಯಜಮಾನರು ದೊಡ್ಡ ಮಗನ ಕಡೆ ನೋಡಿದರು. ಜಗಳ ಬಾರದ ಆ ಮಗ ಎದ್ದು ಹೋಗಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತ. "ಊಟ ಆಯ್ತಲ್ಲ ಅಪ್ಪಾ, ಸ್ವಲ್ಪ ಮಲಗಿ," ಅಂದ. ಅಷ್ಟೇ. ಆ ಒಂದು ಮಾತಿಗೆ ಅವನು ಹತ್ತು ವರ್ಷ ತೆಗೆದುಕೊಂಡಿದ್ದ.

*

ಮಾರನೆಯ ದಿನ ಬೆಳಕು ಹರಿಯುವ ಮುಂಚೆ ಸೊಸೆ ಬೋರ್‌ವೆಲ್ಲಿನ ಪೈಪು ಮುಚ್ಚಿ, ಬರೀ ಹೊಂಡದ ನೀರನ್ನು ಮೂರು ಗಂಟೆ ಬಿಟ್ಟಳು. ಅತ್ತೆ ಮಡಿಯ ತುದಿಯಲ್ಲಿ ಮಣೆ ಹಾಕಿಕೊಂಡು ಕೂತರು. ಯಜಮಾನರು ಜಗಲಿಯ ಮೇಲಿಂದಲೇ "ಹೊಂಡ ಬರಿದಾಗುತ್ತೆ, ನೋಡ್ತಿರಿ, ಬರಿದಾಗುತ್ತೆ!" ಎಂದು ಕೂಗಿದರು. ಸೊಸೆ ಮುಂದಿನ ಮಡಿಗೆ ನಡೆದಳು. ತೊಟ್ಟಿಗೆ ಗೊಬ್ಬರ ಹಾಕುವುದು ನಿಂತಿತು. ಆ ವಾರ ದೊಡ್ಡ ಮಗ ಗಾಡಿಯಲ್ಲಿ ಹಸಿರು ನೆರಳು ಬಲೆಯ ಸುರುಳಿ ತಂದು ಹೊಂಡದ ಮೇಲೆ ಕಟ್ಟಿದ. ಹಗ್ಗದ ಇನ್ನೊಂದು ತುದಿ ಹಿಡಿದದ್ದು ಇಂಜಿನಿಯರ್. ಮುಂದಿನ ಭಾನುವಾರ ಬೈಕನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ.

ಮೂರನೆಯ ವಾರಕ್ಕೆ ಗಿಡಗಳ ನಡುವಿಂದ ಹೊಸ ಎಲೆ ಬಂತು. ಅಂಚಿನವರೆಗೂ ಹಸಿರು. ಎರಡು ಮಡಿ ಪೂರ್ತಿ ಹೋಗಿದ್ದವು, ಅವು ಏಳಲಿಲ್ಲ. ಆ ಎರಡು ಮಡಿಗೆ ಯಾರು ಉತ್ತರ ಹೇಳುತ್ತಾರೆ? ಸೊಸೆ ಒಣಗಿದ ಗಿಡಗಳನ್ನು ಒಂದೊಂದಾಗಿ ಕಿತ್ತು, ಬೇರಿನ ಮಣ್ಣು ಕೊಡವಿ, ಗುಡ್ಡೆ ಹಾಕಿದಳು.

ಮತ್ತೆ ಎರಡು ವಾರಕ್ಕೆ ವ್ಯಾಪಾರಿ ಬಂದ. ಹೊಸ ಹಣ್ಣು ನೋಡಿ ಮುಖ ಅರಳಿತು.

"ಏನು ಮಾಡಿದ್ರಿ ಯಜಮಾನ್ರೇ?"

"ಏನಿಲ್ಲ, ನೀರಿನ ಪದ್ಧತಿ ಸ್ವಲ್ಪ ಬದಲಾಯಿಸಿದ್ವಿ," ಯಜಮಾನರು ಬೆಲ್ಟಿಗೆ ಕೈ ಇಟ್ಟರು. ಅಲ್ಲಿ ಹಿಡಿ ಇರಲಿಲ್ಲ. "ಗಿಡಕ್ಕೆ ಉಪ್ಪು ಜಾಸ್ತಿಯಾಗಿತ್ತು. ನಾನು ಮೊದಲಿಂದ ಹೇಳ್ತಾನೇ…"

"ಯಾರು ಮೊದಲಿಂದ ಹೇಳಿದ್ದು?" ಅಡುಗೆಮನೆಯ ಕಿಟಕಿಯಿಂದ ಅತ್ತೆಯ ದನಿ ಬಂತು.

ಯಜಮಾನರು ಒಂದು ಹಣ್ಣು ಎತ್ತಿಕೊಂಡು ಅದರ ತೊಟ್ಟು ಚಿವುಟತೊಡಗಿದರು. ಚಿವುಟಿ ಚಿವುಟಿ ತೊಟ್ಟು ಮುಗಿಯಿತು.

"ಸೊಸೆ ಹೇಳಿದ್ಲು," ಅಂದರು ಕೊನೆಗೆ, ಹಣ್ಣಿಗೆ ಹೇಳುವ ಹಾಗೆ.

ಅಷ್ಟರಲ್ಲಿ ಸೊಸೆ ತೋಟದ ದಾರಿಯಿಂದ ಬಂದಳು. ಹಿಂಬಾಗಿಲಿನ ಕಡೆ ಹೋಗಲಿಲ್ಲ, ಅಂಗಳದ ನಡುವೆಯೇ ನಡೆದು ಬಂದಳು. ಎರಡು ಕೈಯಲ್ಲಿ ಎರಡು ಕೊಡ. ಮೇಲೆ ಎಲೆ ಇರಲಿಲ್ಲ, ನೀರು ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ವ್ಯಾಪಾರಿ ಗಡಬಡಿಸಿ ಕ್ರೇಟು ಸರಿಸಿ ದಾರಿ ಬಿಟ್ಟ.

"ಏನಮ್ಮ, ಹೊಂಡದ್ದಾ?" ವ್ಯಾಪಾರಿ ಕೇಳಿದ, "ಯಾರಿಗೆ ಈ ನೀರು?"

ಅವಳು ಕೊಡ ಕೆಳಗಿಡಲಿಲ್ಲ. ಮಾವನ ಎದುರಿಗೆ ಬಂದು ನಿಂತು, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು.

"ನಮ್ಮ ಅತ್ತೆಯ ಸ್ನಾನಕ್ಕೆ."